ಕರೆಂಟು ಹೋದಾಗ ಮಲಗುವ ಮಗು

ಚನ್ನರಾಯಪಟ್ಟಣ
11 ನವೆಂಬರ್ 2024, ಸೋಮವಾರ

ಅಕ್ಕ,

ನಿನ್ನ ಮಗುವಿಗೆ ವಿಷ ಉಣಿಸಿದ್ದಾರೆ. ಹುಟ್ಟುವ ಮೊದಲೇ, ನಿನ್ನ ಹೊಟ್ಟೆಯಲ್ಲಿದ್ದಾಗಲೇ ಉಣಿಸಿದ್ದಾರೆ. ಉಣಿಸಿದ್ದು ಬಾಶೆಟ್ಟಿಹಳ್ಳಿಯ ಆ ಬಣ್ಣದ ಕಾರ್ಖಾನೆ. ಏಳು ತಿಂಗಳು ತುಂಬುವವರೆಗೆ ನೀನು ಅಲ್ಲಿ ನಿಂತುಕೊಂಡೇ ನೂಲಿನ ಲಡಿ ಕಟ್ಟಿದೆ. ಇದನ್ನು ದೃಷ್ಟಿ ಎನ್ನುವವರು, ಬಾಲಗ್ರಹ ಎನ್ನುವವರು ಕಾರ್ಖಾನೆಯವರ ಪರವಾಗಿ ಪುಕ್ಕಟೆ ವಕಾಲತ್ತು ಮಾಡುತ್ತಿದ್ದಾರೆ, ಅಷ್ಟೇ.

ಶನಿವಾರ ನಿಮ್ಮ ಮನೆಗೆ ಬಂದು ಐದು ದಿನದ ಕೂಸನ್ನು ಎತ್ತಿಕೊಂಡೆನಲ್ಲ, ಅದರ ಗಲ್ಲ ಚಳಿ ಹಿಡಿದವರ ಗಲ್ಲದಂತೆ ನಡುಗುತ್ತಿತ್ತು. ಮೈ ಬೆಚ್ಚಗಿತ್ತು, ಎರಡು ಸುತ್ತು ಬಟ್ಟೆ ಸುತ್ತಿದ್ದಿರಿ, ಆದರೂ ನಡುಗುತ್ತಿತ್ತು. ಆ ಅಳು ಕೂಸಿನ ಅಳುವಿನ ಹಾಗಿರಲಿಲ್ಲ. ತೆಳ್ಳಗೆ, ಮೇಲೆ ಮೇಲೆ ಏರುತ್ತಾ, ಉಸಿರಿಗೂ ನಿಲ್ಲದ ಅಳು. ವಾಪಸು ಬರುವಾಗ ಬಸ್ಸಿನವನು ಬ್ರೇಕ್ ಹಾಕಿದಾಗಲೆಲ್ಲ ನನಗೆ ಅದೇ ಕೇಳಿಸಿತು. ಈಗ ನಮ್ಮ ಜಮೀನು ಉಳಿಸುವ ಧರಣಿಯ ಪೆಂಡಾಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಗಾಳಿಗೆ ಹಗ್ಗ ಕಿರುಗುಟ್ಟಿದರೂ ತಲೆಯೆತ್ತಿ ನೋಡುತ್ತೇನೆ.

ನಿನ್ನ ಅತ್ತೆ ಆದಿಲಕ್ಷ್ಮಮ್ಮನವರು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದಾಗ ನಾನು ಬಾಯಿ ಹಾಕಬಾರದಿತ್ತೇನೋ. ಆದರೆ ಕಣ್ಣೆದುರು ಮೌಢ್ಯ ನಡೆಯುವಾಗ ಸುಮ್ಮನಿರುವುದು ನನಗೆ ಬರುವುದಿಲ್ಲ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏನ್ ತಾಯಿ, ಪೇಪರ್ ಓದ್ಕಂಡೇ ಮಕ್ಕಳು ಹೆತ್ತಿದ್ಯಾ ನೀನು?” ಎಂದರಲ್ಲ, ಮಗ್ಗದ ಹತ್ತಿರ ನಿಂತಿದ್ದ ಭಾವ ನಕ್ಕರು. ನಾಮಕರಣದ ತನಕ ಈ ಕಡೆ ತಲೆ ಹಾಕಬೇಡ ಎಂದೂ ಹೇಳಿ ಕಳಿಸಿದರು. ಸರಿ, ತಲೆ ಹಾಕುವುದಿಲ್ಲ. ಬಾಣಂತಿಯ ಕಣ್ಣಿಗೆ ಆಗದೆಂದು ನಿನ್ನ ಫೋನು ಎತ್ತಿಟ್ಟಿದ್ದಾರೆ, ಭಾವನ ಫೋನಿಗೆ ಮಾಡಿದರೆ ಮಗ್ಗದ ಸದ್ದು ಬಿಟ್ಟು ಏನೂ ಕೇಳುವುದಿಲ್ಲ. ಅದಕ್ಕೇ ಕಾಗದ. ನಮ್ಮ ಪಕ್ಕದ ಮನೆಯ ಅಕ್ಷತಾ ನಿಮ್ಮ ಬೀದಿಗೆ ಆಶಾ ಕಾರ್ಯಕರ್ತೆಯಾಗಿರುವುದು ಒಳ್ಳೆಯದಾಯಿತು. ಮಗುವಿನ ತೂಕ ನೋಡಲು ಬರುವಾಗ ಕೊಡುತ್ತಾಳೆ, ತವರಿಗೆ ಬರುವಾಗ ನಿನ್ನದನ್ನು ತರುತ್ತಾಳೆ.

ಈ ಹಾಳೆಯ ಹಿಂಬದಿಯಲ್ಲಿ ಎಂಟು ಪ್ರಶ್ನೆ ಬರೆದಿದ್ದೇನೆ. ಕಾರ್ಖಾನೆಯಲ್ಲಿ ಮುಖಕ್ಕೆ ಕಟ್ಟಲು ಬಟ್ಟೆ ಕೊಟ್ಟರೇ, ಎಷ್ಟು ಹೊತ್ತು ಆ ವಾಸನೆಯಲ್ಲಿದ್ದೆ, ಗರ್ಭಿಣಿಯಾಗಿದ್ದಾಗ ಯಾವ ಯಾವ ಮಾತ್ರೆ ನುಂಗಿದೆ, ಇಂಥವು. ಒಂದನ್ನೂ ಬಿಡದೆ ಉತ್ತರಿಸು. ಇದು ನಿನ್ನೊಬ್ಬಳ ಮಗುವಿನ ಪ್ರಶ್ನೆಯಲ್ಲ.

ನಿನ್ನ
ಚೈತ್ರ


ದೊಡ್ಡಬಳ್ಳಾಪುರ
14 ನವೆಂಬರ್ 2024

ಚೈತ್ರಾ,

ಸೀರೆ ಮಡಿಸುವಾಗ ಒಳಗಿಡುವ ರಟ್ಟಿನ ಹಿಂದೆ ಬರೆಯುತ್ತಿದ್ದೇನೆ. ಬಾಣಂತಿ ಬರೆಯಬಾರದು, ಓದಬಾರದು, ಗೋಡೆಗೆ ಒರಗಬಾರದು. ಒಬ್ಬಳೇ ಕೂತು ಯೋಚನೆ ಮಾಡಬಾರದು ಎಂಬುದೂ ಆ ಪಟ್ಟಿಯಲ್ಲಿದೆ. ಅತ್ತೆ ಹಿತ್ತಲಲ್ಲಿ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾರೆ.

ಕೂಸು ಹಾಗೇ ಇದೆ. ಹಾಲಿಗೆ ಹಾತೊರೆಯುತ್ತದೆ, ಬಾಯಿಗೆ ಇಟ್ಟರೆ ಕುಡಿಯಲಾರದೆ ಕಕ್ಕುತ್ತದೆ. ಮುಷ್ಟಿಯನ್ನೇ ಚೀಪಿ ಚೀಪಿ ಬೆರಳಿನ ಗೆಣ್ಣು ಕೆಂಪಾಗಿದೆ. ಸೀನುತ್ತದೆ, ಒಂದೇ ಸಮನೆ ಆರೇಳು ಸಲ. ಸಾಂಬ್ರಾಣಿ ಹೊಗೆಗೆ ಎಂದು ಅತ್ತೆ ಹೊಗೆ ಹಾಕುವುದನ್ನೇ ಬಿಟ್ಟರು, ಆದರೂ ನಿಂತಿಲ್ಲ. ಆಕಳಿಸುವುದಂತೂ ನೋಡಲಾಗುವುದಿಲ್ಲ. ಎದುರುಮನೆ ನರಸಮ್ಮ ಬಂದು ನೋಡಿ, “ಇದೇನ್ಲಾ, ಹುಟ್ತಾಲೇ ನೈಟ್ ಶಿಫ್ಟ್ ಮುಗಿಸ್ಕಂಡ್ ಬಂದವ್ನಂಗೆ ಆಕಳಿಸ್ತಿಯಾ” ಎಂದು ನಗಿಸಿದಳು. ನಾನೂ ನಕ್ಕೆ. ಆಮೇಲೆ ತಡೆಯಲಾಗದೆ ಬಚ್ಚಲಿಗೆ ಹೋದೆ.

ಒಂದು ವಿಚಿತ್ರ ಹೇಳುತ್ತೇನೆ. ಅದು ಕರೆಂಟು ಹೋದಾಗ ಮಾತ್ರ ಮಲಗುತ್ತದೆ. ನಮ್ಮ ನಾಲ್ಕು ಮಗ್ಗ, ಬೀದಿಯ ಅಷ್ಟೂ ಮಗ್ಗ ಒಟ್ಟಿಗೆ ನಿಂತು ಮನೆ ಕತ್ತಲಾದರೆ ಮೈ ಸಡಿಲ ಬಿಡುತ್ತದೆ. ಕರೆಂಟು ಬಂದ ಕ್ಷಣ ಬೆಚ್ಚಿ ಎರಡೂ ಕೈ ಚಾಚುತ್ತದೆ. ಈ ಬೀದಿಯಲ್ಲಿ ಎಲ್ಲರ ಮಕ್ಕಳೂ ಮಗ್ಗದ ಸದ್ದಿಗೇ ನಿದ್ದೆ ಹೋಗುವವು. ಸದ್ದು ನಿಂತರೆ ಏಳುವವು. ಇದೊಂದು ಹೀಗೆ. ನಿನ್ನೆ ನಿನ್ನ ಭಾವ ಯಾರಿಗೂ ಹೇಳದೆ ಅರ್ಧ ದಿನ ಮಗ್ಗ ನಿಲ್ಲಿಸಿ ಜಗಲಿಯ ಮೇಲೆ ಕೂತಿದ್ದರು. ನನ್ನ ಮುಖ ನೋಡಲಿಲ್ಲ.

ನಿನ್ನ ಪ್ರಶ್ನೆಗಳಿಗೆ ಉತ್ತರ ರಟ್ಟಿನ ಇನ್ನೊಂದು ಬದಿಯಲ್ಲಿದೆ. ಆರನೆಯದಕ್ಕೆ ಬರೆದಿಲ್ಲ, ಜಾಗ ಸಾಲಲಿಲ್ಲ.

ಅಜ್ಜಿಗೆ ಮೊಣಕಾಲು ಹೇಗಿದೆ?

ಬಿಂದುಶ್ರೀ


ಚನ್ನರಾಯಪಟ್ಟಣ
17 ನವೆಂಬರ್ 2024, ಭಾನುವಾರ

ಅಕ್ಕ,

ನಿನ್ನ ರಟ್ಟನ್ನು ಪೆಂಡಾಲಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕರೆಂಟು ಹೋದಾಗ ಮಲಗುವ ಮಗು ಎನ್ನುವ ಸಾಲನ್ನು ಎರಡನೇ ಸಲ ಓದಿಸಿದರು. ವೆಂಕಟರಾಯಪ್ಪನವರು ಎರಡೂವರೆ ವರ್ಷದಿಂದ ದಿನಾ ಬಂದು ಮೊದಲ ಸಾಲಿನಲ್ಲಿ ಕೂರುವವರು, ಯಾವುದಕ್ಕೂ ಅಳದವರು, ಟವೆಲಿನಿಂದ ಮುಖ ಒರೆಸಿಕೊಂಡರು. ಇದಕ್ಕಿಂತ ಸಾಕ್ಷಿ ಬೇಕೇ? ಯಂತ್ರದ ಲೋಕ ಆ ಮಗುವಿನ ನರಕ್ಕೆ ಇಳಿದಿದೆ. ಯಂತ್ರ ನಿಂತರೆ ಮಾತ್ರ ಅದಕ್ಕೆ ಬಿಡುಗಡೆ.

ಕರಪತ್ರ ಅಚ್ಚಾಯಿತು, ಸಾವಿರ ಪ್ರತಿ. ಮೊದಲ ಸಾಲು ನಾನೇ ಬರೆದದ್ದು: “ಬಾಶೆಟ್ಟಿಹಳ್ಳಿಯ ಹೊಗೆ ಈಗ ತೊಟ್ಟಿಲಲ್ಲಿ ನಡುಗುತ್ತಿದೆ.” ನಿನ್ನ ಹೆಸರು ಹಾಕಿಲ್ಲ, ಒಬ್ಬ ನೇಯ್ಗೆ ಮನೆಯ ತಾಯಿ ಎಂದಷ್ಟೇ ಇದೆ. ಗುರುತಿರುವವರಿಗೆ ತಿಳಿದೀತು. ತಿಳಿಯಲಿ, ತಪ್ಪೇನು?

ಆರನೆಯ ಪ್ರಶ್ನೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಇಂಥ ಸಂಗತಿಯಲ್ಲಿ ಮಾಲೀಕರು ಮೊದಲು ಬೆರಳು ತೋರಿಸುವುದು ತಾಯಿಯ ಕಡೆಗೇ ಎಂದು ನಾನು ಓದಿದ್ದೇನೆ. ಅವರಿಗೆ ಆ ಬಾಗಿಲು ತೆರೆದಿಡಬಾರದು. ಅದಕ್ಕೇ ನಾನೇ ತುಂಬಿದೆ: “ಈ ತಾಯಿ ಗರ್ಭಿಣಿಯಾಗಿದ್ದಾಗ ಸರ್ಕಾರ ಕೊಟ್ಟ ಕಬ್ಬಿಣಾಂಶದ ಮಾತ್ರೆ ಬಿಟ್ಟು ಒಂದೇ ಒಂದು ಮಾತ್ರೆಯನ್ನೂ ನುಂಗಿದವಳಲ್ಲ.” ಸರಿ ತಾನೇ?

ಮಂಗಳವಾರ ಬೆಳಿಗ್ಗೆ ಶಿಫ್ಟ್ ಬದಲಾಗುವ ಹೊತ್ತಿಗೆ ಕಾರ್ಖಾನೆ ಗೇಟಿನಲ್ಲಿ ಹಂಚುತ್ತೇವೆ. ಅಜ್ಜಿಯ ಮೊಣಕಾಲು ಹಾಗೇ ಇದೆ. ಅವಳಿಗೆ ನಿನ್ನ ಕೂಸಿನ ಕನಸು ಬಿತ್ತಂತೆ, ಏನೆಂದು ಹೇಳಲಿಲ್ಲ.

ಚೈತ್ರ


ದೊಡ್ಡಬಳ್ಳಾಪುರ
20 ನವೆಂಬರ್ 2024

ಚೈತ್ರಾ,

ಕೂಸು ಈಗ ಮಲಗುತ್ತಿದೆ. ಮಗ್ಗ ನಡೆಯುತ್ತಿದ್ದರೂ ಮಲಗುತ್ತದೆ. ನಡುಕ ಕಡಿಮೆಯಾಗಿದೆ, ಅಳುವೂ ಇಲ್ಲ. ನರಸಮ್ಮ ಹಾಕಿದ ತಾಯಿತದಿಂದ ಎಂದು ಅತ್ತೆ ಹೇಳುತ್ತಾರೆ.

ಆ ಕರಪತ್ರ ಇನ್ನು ಹಂಚಬೇಡ. ಉಳಿದದ್ದನ್ನು ಒಲೆಗೆ ಹಾಕು. ಕಾರಣ ಕೇಳಬೇಡ. ಮಗು ಚೆನ್ನಾಗಿದೆ ಎಂದ ಮೇಲೆ ಅದು ಯಾಕೆ?

ನಿನ್ನ ಭಾವ ಒಂದು ಪ್ರತಿ ಮಡಿಸಿ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ನಾಲ್ಕು ಜನಕ್ಕೆ ತೋರಿಸಿದ್ದಾರೆ. ನಿನ್ನನ್ನು ನೋಡಿ ನಕ್ಕವರೇ ಈಗ, “ನಿನ್ ತಂಗಿ ಕೈಲಿ ಸತ್ಯ ಐತೆ ಕಣೇ” ಎನ್ನುತ್ತಾರೆ. ನಾನು ಮಗುವಿನ ಬಟ್ಟೆ ಮಡಿಸುವ ನೆಪದಲ್ಲಿ ಎದ್ದು ಹೋಗುತ್ತೇನೆ.

ಬಿಂದು


ಚನ್ನರಾಯಪಟ್ಟಣ
22 ನವೆಂಬರ್ 2024, ಶುಕ್ರವಾರ

ಅಕ್ಕ,

ಯಾರು ನಿನ್ನ ಬಾಯಿ ಮುಚ್ಚಿಸಿದರು?

ಮಗು ಮಲಗಿತು ಎಂದು ಅನ್ಯಾಯವೂ ಮಲಗಿತೇ? ಒಂದು ವಾರದ ಹಿಂದೆ ಬಚ್ಚಲಲ್ಲಿ ಅತ್ತವಳು ಈಗ ಒಲೆಗೆ ಹಾಕು ಎನ್ನುತ್ತೀಯೆ. ಕಾರ್ಖಾನೆಯವರು ಮನೆಗೆ ಬಂದಿದ್ದರೇ? ಮತ್ತೆ ಕೆಲಸ ಕೊಡುತ್ತೇವೆ ಎಂದರೇ? ಹೀಗೆ ಒಬ್ಬೊಬ್ಬರನ್ನೇ ಬಿಡಿಸಿಕೊಂಡು ಹೋಗುವುದನ್ನು ನಾನು ಈ ಪೆಂಡಾಲಿನಲ್ಲೇ ನೋಡಿದ್ದೇನೆ. ಬೆಳಿಗ್ಗೆ ಘೋಷಣೆ ಕೂಗಿದವರು ಸಂಜೆ ಬೀದಿ ಬದಲಿಸಿ ನಡೆಯುತ್ತಾರೆ. ನನ್ನ ಒಡಹುಟ್ಟಿದವಳೂ ಅಂಥವಳಾಗುತ್ತಾಳೆ ಎಂದುಕೊಂಡಿರಲಿಲ್ಲ.

ಕರಪತ್ರ ಹಂಚಿ ಮುಗಿಯಿತು. ಗೇಟಿನ ಗೋಡೆಗೂ ಹತ್ತು ಅಂಟಿಸಿದ್ದೇವೆ. ಇನ್ನು ದೂರು ಬರೆಯುವುದು ಬಾಕಿ. ಆ ಮಗುವಿನ ಮೈಗೆ ವಿಷ ಸೇರಲು ಕಾರಣರಾದ ಪ್ರತಿಯೊಬ್ಬರ ಹೆಸರೂ ನನಗೆ ಬೇಕು. ಮೇಸ್ತ್ರಿಯಾಗಲಿ, ಮಾಲೀಕನಾಗಲಿ, ನಿನ್ನ ಗಂಡ ಮುನೀಂದ್ರನೇ ಆಗಲಿ. ನಾನು ಯಾರ ಮುಲಾಜೂ ನೋಡುವುದಿಲ್ಲ. ಬರೆದು ಕಳಿಸು.

ಚೈತ್ರ


ಆಸ್ಪತ್ರೆ, ದೊಡ್ಡಬಳ್ಳಾಪುರ
27 ನವೆಂಬರ್ 2024, ಬುಧವಾರ ಬೆಳಿಗ್ಗೆ

ಚೈತ್ರಾ,

ಆರನೆಯ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ. ಅತ್ತೆ ಪಕ್ಕದ ಬೆಂಚಿನ ಮೇಲೆ ಕೂತೇ ತೂಕಡಿಸುತ್ತಿದ್ದಾರೆ. ನನ್ನ ಫೋನು ಈಗ ಕೈಗೆ ಕೊಟ್ಟಿದ್ದಾರೆ, ಆದರೆ ಅದರಲ್ಲಿ ಇದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ. ನಿನ್ನೆ ಎರಡು ಸಲ ನಿನ್ನ ನಂಬರು ಒತ್ತಿ, ನೀನು “ಹೇಳಕ್ಕಾ” ಅಂದ ತಕ್ಷಣ ಕಟ್ ಮಾಡಿದವಳು ನಾನೇ.

ಸೊಂಟದ ಮಾತ್ರೆ. ಅರ್ಧ ಹಸಿರು, ಅರ್ಧ ಹಳದಿ. ಎರಡು ವರ್ಷದ ಹಿಂದೆ ಕಾರ್ಖಾನೆಗೆ ಸೇರಿದ ಹೊಸದರಲ್ಲಿ ಮನೆಗೆ ಬಂದು ಚಪ್ಪಲಿ ಬಿಚ್ಚಲೂ ಬಗ್ಗಲಾಗದೆ ನಿಂತಿದ್ದೆ. ಅತ್ತೆ ತಮ್ಮ ಡಬ್ಬಿಯಿಂದ ಒಂದು ತೆಗೆದು ಕೈಗಿಟ್ಟರು. “ನುಂಗು ಮಗ. ಆಮೇಲ್ ನೋಡು, ಕಾಲು ನಿನ್ ಮಾತು ಕೇಳ್ತವೆ” ಎಂದರು. ಅವರು ಮಗ್ಗದ ಮುಂದೆ ನಿಂತ ಇಪ್ಪತ್ತು ವರ್ಷವೂ ಅದನ್ನೇ ನುಂಗಿದ್ದಾರೆ. ಈ ಬೀದಿಯಲ್ಲಿ ಸಕ್ಕರೆ ಕಡ ಕೇಳುವ ಹಾಗೆ ಅದನ್ನು ಕೇಳುತ್ತಾರೆ. ದಿನಕ್ಕೆ ಒಂದಿದ್ದದ್ದು ಎರಡಾಯಿತು. ಬಸುರಿಯಾಗುವ ಹೊತ್ತಿಗೆ ನಾಲ್ಕು.

ಏಳನೇ ತಿಂಗಳಲ್ಲಿ ಬಿಡಲು ನೋಡಿದೆ. ಎರಡು ದಿನ ಮೈಯೆಲ್ಲ ಬೆವರಿ ನಡುಗಿತು, ಕೈಕಾಲು ಹಿಂಡಿದವು, ಸೀನು, ಆಕಳಿಕೆ. ಮೂರನೇ ದಿನ ಮತ್ತೆ ನುಂಗಿದೆ. ಅದಕ್ಕೇ ಚೈತ್ರಾ, ಹುಟ್ಟಿದ ಮಾರನೇ ದಿನ ಕೂಸು ಸೀನಿ, ಆಕಳಿಸಿ, ಕೈ ನಡುಗಿಸಿದಾಗ ನನಗೆ ತಿಳಿದುಹೋಯಿತು. ನನ್ನ ಮೈಯೇ ಚಿಕ್ಕದಾಗಿ ಎದುರಿಗೆ ಮಲಗಿದ ಹಾಗೆ ಕಂಡಿತು. ನೀವೆಲ್ಲ ಅದನ್ನು ಅಳು ಎಂದಿರಿ. ಅದು ಏನು ಕೇಳುತ್ತಿದೆ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅದು ಕಣ್ಣು ಬಿಟ್ಟಾಗ ಆ ಕಡೆ ನೋಡಲು ಹೆದರಿ ಗೋಡೆಗೆ ತಿರುಗಿ ಮಲಗುತ್ತಿದ್ದೆ.

ಆಮೇಲೆ ಇನ್ನೊಂದು ಗೊತ್ತಾಯಿತು. ನಾನು ಮಾತ್ರೆ ನುಂಗಿ ಸ್ವಲ್ಪ ಹೊತ್ತು ಬಿಟ್ಟು ಹಾಲು ಕೊಟ್ಟರೆ ಅದು ಸುಮ್ಮನಾಗುತ್ತಿತ್ತು. ಮೊದಲ ಸಲ ತಾನಾಗಿ ಆದದ್ದು. ಆಮೇಲಿನದೆಲ್ಲ ಬೇಕೆಂದೇ ಮಾಡಿದ್ದು. ನಡುಕ ಕಡಿಮೆಯಾಗಿದೆ ಎಂದು ನಿನಗೆ ಬರೆದೆನಲ್ಲ, ಅದು ಹೀಗೆ.

ಸೋಮವಾರ ಮಧ್ಯಾಹ್ನ ಎರಡು ಒಟ್ಟಿಗೆ ನುಂಗಿದ್ದೆ. ಹಾಲು ಕುಡಿದು ಮಲಗಿದ ಕೂಸು ಎಬ್ಬಿಸಿದರೆ ಏಳಲಿಲ್ಲ. ನಾಲ್ಕೂ ಮಗ್ಗ ಹೊಡೆದುಕೊಳ್ಳುತ್ತಿದ್ದವು. ತುಟಿ ನೇರಳೆ ಹಣ್ಣು ತಿಂದ ಬಣ್ಣಕ್ಕೆ ತಿರುಗಿತ್ತು. ಅತ್ತೆ ಓಡಿಬಂದು ಅಂಗಾಲಿಗೆ ಹೊಡೆದರು, ಬೆನ್ನು ಉಜ್ಜಿದರು. ಎಷ್ಟೋ ಹೊತ್ತಿನ ಮೇಲೆ ಒಂದು ಉಸಿರು ಎಳೆಯಿತು. ಆ ಒಂದು ಉಸಿರಿನಿಂದ ಇನ್ನೊಂದು ಉಸಿರಿಗೆ ನಾನು ಕಾದದ್ದು ಇವತ್ತಿಗೂ ಮುಗಿದಿಲ್ಲ.

ಇಲ್ಲಿ ಕೊಳವೆ ಹಾಕಿ, ಯಂತ್ರ ಕಟ್ಟಿ ನೋಡಿಕೊಳ್ಳುತ್ತಿದ್ದಾರೆ. ಉಸಿರು ಸರಿಯಾಗಿದೆ. ಸೋಮವಾರದಿಂದ ನಾನು ಮಾತ್ರೆ ಮುಟ್ಟಿಲ್ಲ. ನನಗೂ ನಡುಕ, ಅದಕ್ಕೂ ನಡುಕ. ಆ ಅಳು ಮತ್ತೆ ಶುರುವಾಗಿದೆ.

ನಾವು ಬಂದ ದಿನವೇ ಡಾಕ್ಟರು ಕೇಳಿದರು, ಬಸುರಿಯಾಗಿದ್ದಾಗ ಏನಾದರೂ ಮಾತ್ರೆ ತಗೊಂಡಿದ್ದೀರಾ ಎಂದು. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಭಾವ ಜೇಬಿನಿಂದ ನಿನ್ನ ಕರಪತ್ರ ತೆಗೆದು ಕೊಟ್ಟರು. ಡಾಕ್ಟರು ಆ ಸಾಲನ್ನು ಗಟ್ಟಿಯಾಗಿ ಓದಿದರು. ಒಂದೇ ಒಂದು ಮಾತ್ರೆಯನ್ನೂ ನುಂಗಿದವಳಲ್ಲ. ಓದಿ ನನ್ನ ಕಡೆ ನೋಡಿ, “ನಿಜಾನಾಮ್ಮಾ?” ಎಂದರು. ಹ್ಞೂಂ ಅಂದೆ.

ಅಚ್ಚಾದದ್ದನ್ನು ಸುಳ್ಳು ಎನ್ನಲು ನನಗೆ ಧೈರ್ಯ ಬರಲಿಲ್ಲ. ಈಗ ಬಣ್ಣದ ವಿಷ ಹುಡುಕಲು ಅದರ ರಕ್ತವನ್ನು ಬೆಂಗಳೂರಿಗೆ ಕಳಿಸಿದ್ದಾರೆ. ಫಿಟ್ಸ್ ಇರಬಹುದು ಎಂದೂ ಹೇಳುತ್ತಿದ್ದಾರೆ. ನಾಳೆ ರೌಂಡ್ಸ್ ಮುಗಿದ ಮೇಲೆ ಬೆನ್ನುಮೂಳೆಗೆ ಸೂಜಿ ಚುಚ್ಚಿ ನೀರು ತೆಗೆದು ನೋಡುತ್ತಾರಂತೆ. ಅಷ್ಟು ಬೆನ್ನು ಅದಕ್ಕೆ ಎಲ್ಲಿದೆ?

ನೀನು ಹೆಸರು ಕೇಳಿದ್ದೆ. ನನ್ನದು ಬರೆದುಕೋ. ಅತ್ತೆಯದು ಬರೆದುಕೋ. ಆದರೆ ಅವರಿಗೆ ಇದು ಕೂಸಿಗೆ ತಾಗುತ್ತದೆ ಎಂದು ಇವತ್ತಿಗೂ ಗೊತ್ತಿಲ್ಲ. ಕಾರ್ಖಾನೆಯ ಮೇಸ್ತ್ರಿಯದೂ ಬರೆದುಕೋ. ಐದು ತಿಂಗಳ ಬಸುರಿ ಒಂದು ಸ್ಟೂಲ್ ಕೇಳಿದರೆ, “ಕೂತ್ರೆ ನಿದ್ದೆ ಬರ್ತದಮ್ಮ” ಎಂದವನು. ಅಲ್ಲಿ ತಪ್ಪಿಲ್ಲ ಎಂದು ನಾನು ಹೇಳುತ್ತಿಲ್ಲ, ಆದರೆ ಇದು ಆ ಹೊಗೆಯಿಂದ ಆದದ್ದಲ್ಲ. ಆಮೇಲೆ ನಿನ್ನ ಹೆಸರು. ಜೂನ್ ತಿಂಗಳಲ್ಲಿ ಇಲ್ಲಿನ ಅಂಗಡಿಯಲ್ಲಿ ಮಾತ್ರೆ ಮುಗಿದಿದೆ, ಬರುವಾಗ ಊರಿನ ಮೆಡಿಕಲ್‌ನಿಂದ ನಾಲ್ಕು ಸ್ಟ್ರಿಪ್ ತಗೊಂಡು ಬಾ ಎಂದು ಫೋನ್ ಮಾಡಿದ್ದೆ. ನೀನು ತಂದುಕೊಟ್ಟೆ. ಕರಪತ್ರದ ಕಟ್ಟಿನೊಳಗೆ ಇಟ್ಟುಕೊಂಡು ಬಂದಿದ್ದೆ, ಬಸ್ಸಿನಲ್ಲಿ ನಲುಗದಿರಲಿ ಎಂದು.

ಹೇಳದೆ ಇದ್ದದ್ದು ಯಾಕೆ ಎಂದು ಕೇಳುತ್ತೀಯ. ಗೊತ್ತಾದರೆ ಕೂಸನ್ನು ಇಟ್ಟುಕೊಂಡು ನನ್ನನ್ನು ತವರಿಗೆ ಅಟ್ಟುತ್ತಾರೆ ಎಂಬ ಹೆದರಿಕೆ. ತವರು ಎಲ್ಲಿದೆ ಚೈತ್ರಾ? ಚೊಚ್ಚಲ ಬಾಣಂತನ ತವರಿನದು. ಅಮ್ಮ ಇಲ್ಲ, ಅಜ್ಜಿಗೆ ಕೈಲಾಗುವುದಿಲ್ಲ. ನೀನು ಧರಣಿ ಬಿಟ್ಟು ಬರಲಾಗುವುದಿಲ್ಲ ಎಂದೆ. ಆವತ್ತು ನಾನು ಬೇಜಾರಿಲ್ಲ ಎಂದಿದ್ದೆ. ಸುಳ್ಳು ಹೇಳಿದ್ದೆ.

ಬಿಂದು


ಚನ್ನರಾಯಪಟ್ಟಣ
27 ನವೆಂಬರ್ 2024, ಸಂಜೆ ಐದೂವರೆ

ಅಕ್ಕ,

ಫೋನ್ ಮಾಡಿದೆ, ನೀನು ಎತ್ತಲಿಲ್ಲ. ನಿನ್ನ ಕಾಗದ ತಂದ ಅಕ್ಷತಾ ನಡುಮನೆಯಲ್ಲಿ ಅಜ್ಜಿಯ ಪಕ್ಕ ಕೂತಿದ್ದಾಳೆ. ನಾನು ಬರೆದು ಮುಗಿಸಿದ ಕೂಡಲೇ ಬಸ್ಸು ಹಿಡಿದು ನಿನ್ನ ಹತ್ತಿರ ಬರುತ್ತಾಳೆ.

ಮೊದಲು ಒಂದು ವಿಷಯ. ನಿನ್ನನ್ನು ಕೇಳದೆ ಅವಳಿಗೆ ಹೇಳಿಬಿಟ್ಟಿದ್ದೇನೆ. ಬೈಯಬೇಕೆಂದರೆ ಬೈ. ಅವಳು ಆರೋಗ್ಯ ಕೇಂದ್ರದ ನರ್ಸಿಗೆ ನನ್ನೆದುರೇ ಫೋನ್ ಮಾಡಿದಳು. ಇಂಥ ಮಕ್ಕಳನ್ನು ಅವರು ನೋಡಿದ್ದಾರಂತೆ. ಹೊಟ್ಟೆಯಲ್ಲಿದ್ದಾಗ ಬರುತ್ತಿದ್ದ ಔಷಧಿ ಹುಟ್ಟಿದ ಮೇಲೆ ನಿಂತುಹೋದರೆ ಹೀಗೇ ನಡುಗುತ್ತವಂತೆ. ಕತ್ತಲೆ, ನಿಶ್ಶಬ್ದ, ತಾಯಿಯ ಎದೆಯ ಬಿಸಿ, ಅದು ಸಾಲದಿದ್ದರೆ ಅಳತೆ ಮಾಡಿದ ಔಷಧಿ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ. ಹೆಚ್ಚಿನವು ಚೇತರಿಸಿಕೊಳ್ಳುತ್ತವೆ ಎಂದರು. ನಿನ್ನ ಕೂಸೂ ಚೇತರಿಸಿಕೊಳ್ಳುತ್ತದೆ ಎಂದು ಅವರು ಹೇಳಲಿಲ್ಲ, ನಾನೂ ಆ ಮಾತನ್ನು ಅವರ ಬಾಯಿಂದ ಹೊರಡಿಸಲು ಹೋಗಲಿಲ್ಲ. ನೀನೂ ಹೀಗೆ ಒಮ್ಮೆಲೇ ನಿಲ್ಲಿಸಬಾರದಂತೆ. ಹಾಗೆಂದು ನೀನಾಗಿ ಮತ್ತೆ ನುಂಗಲೂ ಬೇಡ. ಡಾಕ್ಟರೇ ಹೇಳಬೇಕು. ಅಲ್ಲಿಯವರೆಗೆ ಹಾಲು ಕೊಡುವುದನ್ನೂ ಡ್ಯೂಟಿ ನರ್ಸನ್ನು ಕೇಳಿಯೇ ಕೊಡು.

ನಿನ್ನ ಕಾಗದ ಓದಿ ಮೆಡಿಕಲ್ಲಿಗೆ ಹೋದೆ. ಜೂನ್‌ನಲ್ಲಿ ನಾನು ಒಯ್ದ ಮಾತ್ರೆಯ ಹೆಸರೇನು ಎಂದು ಕೇಳಿದೆ. “ಅದು ಚೀಟಿ ಇಲ್ದೆ ಕೊಡಲ್ಲ ಮೇಡಂ” ಎಂದ. ಕೊಟ್ಟಿದ್ದೀಯಲ್ಲಪ್ಪ ಎಂದೆ. ತಲೆ ತಗ್ಗಿಸಿ ಹೆಸರು ಬರೆದುಕೊಟ್ಟ. ಟ್ರಮಡಾಲ್. ಅಫೀಮಿನ ಜಾತಿಯ ನೋವಿನ ಔಷಧಿ. ಸ್ಟ್ರಿಪ್ಪಿನ ಹಿಂದೆ ಕೆಂಪು ಚೌಕದೊಳಗೆ ಎಚ್ಚರಿಕೆ ಅಚ್ಚಾಗಿದೆ. ಬೋಂಡ ಕಟ್ಟಿಕೊಟ್ಟ ಪೇಪರನ್ನೂ ಬಿಡದೆ ಓದುವ ನಾನು, ನಾಲ್ಕು ಸ್ಟ್ರಿಪ್ ಕೈಯಾರೆ ಕರಪತ್ರದ ಕಟ್ಟಿನೊಳಗಿಟ್ಟು ಒಂದು ಗಂಟೆ ಬಸ್ಸಿನಲ್ಲಿ ಕೂತು, ಅದನ್ನು ಓದಲಿಲ್ಲ.

ನಿನ್ನ ಬದಲು ನಾನು ಉತ್ತರ ಬರೆದೆ. ಆ ಒಂದು ಸಾಲು ನನ್ನದು. ಆ ಸೂಜಿಗೂ ಅದೇ ಸಾಲು ಕಾರಣ. ಬಾಣಂತನದ ಮಾತಿಗೆ ಉತ್ತರವನ್ನು ಎರಡು ಸಲ ಬರೆಯಲು ಹೋಗಿ ಹೊಡೆದುಹಾಕಿದ್ದೇನೆ, ಮೇಲೆ ಕಾಣುತ್ತಿರಬಹುದು.

ಮಾತ್ರೆಯ ಹೆಸರು ಬರೆದ ಚೀಟಿಯನ್ನು ಅಕ್ಷತಾ ಇವತ್ತೇ ಡ್ಯೂಟಿ ನರ್ಸಿಗೆ ಕೊಡುತ್ತಾಳೆ. ಆದರೆ ಎಷ್ಟು, ಎಂದಿನಿಂದ, ಸೋಮವಾರ ಏನಾಯಿತು ಎಂಬುದನ್ನು ಡಾಕ್ಟರಿಗೆ ನೀನೇ ಹೇಳಬೇಕು. ಅದು ನಿನಗಲ್ಲದೆ ಯಾರಿಗೂ ಗೊತ್ತಿಲ್ಲ. ಈಗಲೇ ಹೇಳಲಾದರೆ ಹೇಳು, ನನಗಾಗಿ ಕಾಯಬೇಡ. ಆಗದಿದ್ದರೆ ನಾನು ಪಕ್ಕದಲ್ಲಿ ನಿಲ್ಲುತ್ತೇನೆ, ಜೂನ್ ತಿಂಗಳಿನದನ್ನು ನಾನು ಹೇಳುತ್ತೇನೆ. ಇವತ್ತೇ ಬಂದುಬಿಡೋಣ ಎಂದು ಬ್ಯಾಗು ಎತ್ತಿಕೊಂಡಿದ್ದೆ. ಆರರ ಮೇಲೆ ಮಗುವಿನ ಜೊತೆ ತಾಯಿಯನ್ನೂ ಇನ್ನೊಬ್ಬರನ್ನೂ ಬಿಟ್ಟರೆ ಯಾರನ್ನೂ ಒಳಗೆ ಬಿಡುವುದಿಲ್ಲ, ಆಶಾ ಕಾರ್ಯಕರ್ತೆ ಎಂದು ತನ್ನನ್ನು ಮಾತ್ರ ಬಿಡುತ್ತಾರೆ ಎಂದು ಅಕ್ಷತಾ ತಡೆದಳು. ಆ ಜಾಗದಲ್ಲಿ ಅತ್ತೆ ಇದ್ದಾರೆ, ಅವರೇ ಇರಲಿ. ಅಂಗಾಲಿಗೆ ಹೊಡೆದು ಉಸಿರು ತರಿಸಿದವರು ಅವರು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ. ದಾರಿಯಲ್ಲಿ ಬಾಶೆಟ್ಟಿಹಳ್ಳಿಯಲ್ಲಿ ಇಳಿದು, ಶಿಫ್ಟಿನವರು ಬರುವ ಮೊದಲು, ಗೇಟಿನ ಗೋಡೆಯ ಮೇಲಿರುವುದನ್ನು ಕಿತ್ತು ಬರುತ್ತೇನೆ. ಸ್ಟೂಲಿನ ಮಾತನ್ನು ನಾನು ಬಿಡುವುದಿಲ್ಲ, ಅದು ಬೇರೆ ಜಗಳ, ಈ ಸಲ ನಿನ್ನನ್ನು ಕೇಳಿ ಬರೆಯುತ್ತೇನೆ. ಭಾವನಿಗೆ ನಾನೇ ಹೇಳಲೇ, ನೀನು ಹೇಳುತ್ತೀಯಾ, ಅಲ್ಲಿಗೆ ಬಂದ ಮೇಲೆ ನೋಡೋಣ. ಅತ್ತೆಯನ್ನೂ ಡಾಕ್ಟರ ಮುಂದೆ ಕರೆದುಕೊಂಡು ಬಾ. ಅವರ ಡಬ್ಬಿಯನ್ನು ಇಪ್ಪತ್ತು ವರ್ಷದಿಂದ ಯಾರೂ ತೆರೆದು ಕೇಳಿಲ್ಲ.

ರೌಂಡ್ಸ್ ಶುರುವಾಗುವುದು ಹತ್ತಕ್ಕೆ. ಅದಕ್ಕೂ ಮೊದಲು ಡಾಕ್ಟರನ್ನು ಅವರ ಕೋಣೆಯಲ್ಲೇ ನೋಡಬೇಕು.

ನಾಳೆ, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ, ಮಕ್ಕಳ ವಾರ್ಡಿನ ಬಾಗಿಲಲ್ಲಿ.

ಚೈತ್ರ